ಇಬ್ಬರು ಕೂತು ಓದುತ್ತಿದ್ದ ಸುದ್ದಿ

ತೊಂಬತ್ತರ ದಶಕ ಶುರುವಾದ ಹೊಸದರಲ್ಲಿ ನಾನು ತುಮಕೂರಿನ ಒಂದು ಸಂಜೆ ಪತ್ರಿಕೆಗೆ ಪ್ರೂಫ್ ರೀಡರ್ ಆಗಿ ಸೇರಿದೆ. ಮದುವೆಯಾಗಿ ಗುಬ್ಬಿಗೆ ಬಂದಿದ್ದೆ. ಗಂಡ ಅಲ್ಲೇ ಒಂದು ಸೊಸೈಟಿಯಲ್ಲಿ ಗುಮಾಸ್ತರು. ಕನ್ನಡ ಬಿ.ಎ. ಮಾಡಿ ಮನೆಯಲ್ಲಿ ಕೂತಿದ್ದವಳನ್ನು "ಕಾಗುಣಿತ ನೋಡೋ ಕೆಲ್ಸ ಅಂತೆ, ಹೋಗ್ತೀಯಾ?" ಎಂದು ಅವರೇ ಕೇಳಿದರು. ಕಾಗುಣಿತ ನೋಡುವುದಕ್ಕೂ ಸಂಬಳ ಕೊಡುತ್ತಾರೆ ಎನ್ನುವುದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಪ್ರೆಸ್ಸು ತುಮಕೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಓಣಿಯಲ್ಲಿತ್ತು. ಹೊರಗಿನಿಂದ ನೋಡಿದರೆ ಗೋಡೌನು. ಒಳಗೆ ಕಾಲಿಟ್ಟರೆ ಸೀಮೆಎಣ್ಣೆ ಮತ್ತು ಮಸಿಯ ವಾಸನೆ ಮೊದಲು ಎದುರಾಗುತ್ತಿತ್ತು, ಮನುಷ್ಯರು ಆಮೇಲೆ. ಉದ್ದನೆಯ ಹಾಲಿನಲ್ಲಿ ಇಳಿಜಾರಾಗಿ ನಿಲ್ಲಿಸಿದ, ಅಕ್ಷರಕ್ಕೊಂದು ಮನೆಯಿರುವ ಮರದ ಕೇಸುಗಳು. ಅವುಗಳ ಮುಂದೆ ನಿಂತು ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ ಅಕ್ಷರ ಜೋಡಿಸುವ ಕಂಪೋಸಿಂಗ್‌ನವರು. ಅವರನ್ನೆಲ್ಲ ನೋಡಿಕೊಳ್ಳಲು ಒಬ್ಬ ಫೋರ್‌ಮನ್. ಅದರಾಚೆಗೆ ದೊಡ್ಡ ಮೆಷಿನ್ನು, ಅದಕ್ಕೆ ಕಾಗದ ಕೊಡುವವರು, ತೆಗೆಯುವವರು, ಮಡಿಸಿ ಕಟ್ಟು ಕಟ್ಟುವವರು. ಒಂದು ನಾಲ್ಕು ಪುಟದ ಪತ್ರಿಕೆಗೆ ಇಷ್ಟು ಜನ ಯಾಕೆ ಬೇಕು ಎಂದು ಮೊದಲ ದಿನ ನನಗೆ ಅನ್ನಿಸಿತ್ತು.

ಬೆಳಿಗ್ಗೆಯ ಬಸ್ಸುಗಳಲ್ಲಿ ಸುದ್ದಿ ಬರುತ್ತಿತ್ತು. ಗುಬ್ಬಿಯ ವರದಿಗಾರರು, ಕುಣಿಗಲ್ಲಿನ ವರದಿಗಾರರು ತಾವು ಬರೆದದ್ದನ್ನು ಕವರಿಗೆ ಹಾಕಿ ಕಂಡಕ್ಟರ ಕೈಗೆ ಕೊಡುತ್ತಿದ್ದರು. ಪ್ರೆಸ್ಸಿನವನೊಬ್ಬ ಹೋಗಿ ಇಸಿದುಕೊಂಡು ಬರುತ್ತಿದ್ದ. ಸಂಪಾದಕರು ಅದನ್ನು ತಿದ್ದಿ ಫೋರ್‌ಮನ್ನರಿಗೆ ಕೊಡುತ್ತಿದ್ದರು. ಪತ್ರಿಕೆಯ ಮಾಲೀಕರೂ ಅವರೇ. ಜೋಡಿಸಿದ ಮೊಳೆಗಳಿಗೆ ಮಸಿ ಸವರಿ ಒಂದು ಹಾಳೆ ಒತ್ತಿ ತೆಗೆದರೆ ಅದು ಪ್ರೂಫು, ಅದು ನಮ್ಮ ಮೇಜಿಗೆ. ತಪ್ಪು ಗುರುತು ಹಾಕಿ ಕೊಟ್ಟರೆ ಮತ್ತೆ ಕೇಸಿನ ಹತ್ತಿರ ಹೋಗಿ ಆ ಮೊಳೆ ಕಿತ್ತು ಬೇರೆ ಮೊಳೆ ಕೂರಿಸಬೇಕು. ಮಧ್ಯಾಹ್ನದ ಹೊತ್ತಿಗೆ ಮೆಷಿನ್ ಓಡಲೇಬೇಕು, ಸಂಜೆ ಬಸ್ಸುಗಳಿಗೆ ಕಟ್ಟು ಹೋಗಲೇಬೇಕು.

'ನಮ್ಮ ಮೇಜು' ಎಂದೆ. ಪ್ರೂಫ್ ನೋಡುವುದು ಒಬ್ಬರ ಕೆಲಸವಾಗಿರಲಿಲ್ಲ. ಒಬ್ಬರು ಮೂಲ ಬರಹವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಟ್ಟುಕೊಂಡು ಅದನ್ನು ಹಿಂಬಾಲಿಸಬೇಕು. ನನ್ನ ಜೋಡಿಗೆ ಸಿಕ್ಕವರು ಐವತ್ತು ದಾಟಿದ ಒಬ್ಬ ಹಿರಿಯರು. ಬಿಳಿ ಪಂಚೆ, ತೋಳು ಮಡಿಸಿದ ಶರಟು, ಹಣೆಯಲ್ಲಿ ವಿಭೂತಿ. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ಕುಣಿಗಲ್ಲಿಗೆ ಕೊಟ್ಟಿದ್ದರು. ಮೊದಲ ದಿನ ನಾನು ತುಟಿ ಬಿಚ್ಚದೆ ಓದಲು ಕೂತೆ. ಅವರು ಕನ್ನಡಕ ಕೆಳಗಿಳಿಸಿ ನೋಡಿದರು.

"ಮನಸಲ್ಲೇ ಓದ್ಕೊಂಡ್ರೆ ನಂಗೆ ಹೆಂಗಮ್ಮ ಗೊತ್ತಾಗ್ಬೇಕು? ಬಾಯ್ಬಿಟ್ಟು ಓದು. ಕಾಮಾನೂ ಓದು."

"ಕಾಮಾನೂನಾ ಸಾರ್?"

"ಕಾಮಾ, ಫುಲ್‌ಸ್ಟಾಪು, ಪ್ಯಾರಾ, ಎಲ್ಲಾ. ಇಲ್ಲಿ ಬಿಟ್ಟಿದ್ದು ಊರೆಲ್ಲಾ ಬಿಟ್ಟಂಗೆ."

ಹಾಗೆ ವರ್ಷಗಟ್ಟಲೆ ಓದಿದೆವು. ಕೊಬ್ಬರಿ ಧಾರಣೆ ಕಾಮಾ, ಗ್ರಾಮಸಭೆಯಲ್ಲಿ ಗದ್ದಲ ಫುಲ್‌ಸ್ಟಾಪ್. ನನ್ನ ಗಂಟಲು ಕಟ್ಟಿದರೆ ಅವರು ಓದುತ್ತಿದ್ದರು, ನಾನು ಬೆರಳಿಡುತ್ತಿದ್ದೆ. ಅವರು ಓದುವಾಗ ಊರಿನ ಹೆಸರು ಬಂದರೆ ಸ್ವಲ್ಪ ನಿಧಾನಿಸುತ್ತಿದ್ದರು, ಆ ಊರಿನಲ್ಲಿ ಬಸ್ಸು ನಿಂತ ಹಾಗೆ. ಮನೆಗೆ ಹೋದ ಮೇಲೂ ನನ್ನ ಬಾಯಿಗೆ ಕಾಮಾ ಬರುತ್ತಿತ್ತು. ನನ್ನ ಗಂಡ ನಗುತ್ತಿದ್ದರು.

ಒಂದು ದಿನ ಗುಬ್ಬಿಯ ಕವರಿನಲ್ಲಿ ಒಂದು ಸಾವಿನ ಸುದ್ದಿ ಬಂತು. ಚೇಳೂರು ಕಡೆಯ ಹಳ್ಳಿಯೊಂದರಲ್ಲಿ ಮದುವೆಯಾಗಿ ವರ್ಷವೂ ತುಂಬದ ಹೆಣ್ಣುಮಗಳು ಬಾವಿಯಲ್ಲಿ ಶವವಾಗಿ ಸಿಕ್ಕಿದ್ದಳು. ನಾನು ಓದುತ್ತಾ ಹೋದೆ. ಊರು, ವಯಸ್ಸು, ಪೊಲೀಸರು ಬಂದದ್ದು. ಕೊನೆಯ ಎರಡು ಸಾಲುಗಳಲ್ಲಿ, ಆಕೆಯ ನಡತೆಯ ಬಗ್ಗೆ ಗ್ರಾಮದಲ್ಲಿ ಮಾತುಗಳಿದ್ದವು ಎಂದಿತ್ತು. ಅದನ್ನು ಗಟ್ಟಿಯಾಗಿ ಓದುವಾಗ ನನ್ನ ಧ್ವನಿ ತಾನಾಗಿಯೇ ತಗ್ಗಿತು. ತಂದೆಯ ವಯಸ್ಸಿನವರ ಮುಂದೆ ಕೂತು ಆ ಮಾತು ಹೇಳಬೇಕಿತ್ತು.

ಅವರ ಬೆರಳು ಅಲ್ಲೇ ನಿಂತಿತು. "ಇನ್ನೊಂದ್ಸಲ ಓದು."

ಓದಿದೆ.

"ಯಾರಂತೆ ಮಾತಾಡಿದ್ದು?"

"ಗ್ರಾಮದಲ್ಲಿ ಅಂತ ಇದೆ ಸಾರ್."

"ಗ್ರಾಮ ಅಂದ್ರೆ ಯಾರು?" ಎಂದವರೇ ಪ್ರೂಫು ಹಿಡಿದುಕೊಂಡು ಎದ್ದರು.

ಸಂಪಾದಕರ ಕೋಣೆಗೆ ನಾನೂ ಹಿಂದೆಯೇ ಹೋದೆ. ಸಂಪಾದಕರು ಫೋನಿನಲ್ಲಿದ್ದರು. ಕೇಳಿಸಿಕೊಂಡು, "ಕಾಪೀಲಿ ಇರೋದು ಹಾಕ್ತೀವಪ್ಪ. ನಾವೇನು ಹುಟ್ಟಿಸ್ಕೊಂಡು ಬರ್ದಿದೀವಾ?" ಎಂದರು. ಅಷ್ಟರಲ್ಲಿ ಫೋರ್‌ಮನ್ನರು ಬಾಗಿಲಿಗೆ ಬಂದು ನಿಂತಿದ್ದರು. ಅವರಿಗೂ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು. "ಜೋಡ್ಸಿದ್ದು ನಾನೇ ಸಾಮಿ. ಕೈ ಒಂಥರಾ ಆಯ್ತು. ತೆಗ್ಯಾದಾದ್ರೆ ಈಗ್ಲೇ ತೆಗೀತೀನಿ, ಹೊತ್ತಾಗಕಿಲ್ಲ" ಎಂದರು. ಸಂಪಾದಕರು ಮೂವರ ಮುಖವನ್ನೂ ನೋಡಿದರು. "ಬುಡ್ರಪ್ಪಾ, ಏನಾದ್ರೂ ಮಾಡ್ಕೊಳಿ. ಜಾಗ ಖಾಲಿ ಬಿಡಬೇಡಿ ಅಷ್ಟೆ."

ಫೋರ್‌ಮನ್ನರು ಆ ಎರಡು ಸಾಲುಗಳನ್ನು ಎತ್ತಿ ಕೈಗೆ ತೆಗೆದುಕೊಂಡಿದ್ದನ್ನು ನಾನು ನಿಂತು ನೋಡಿದೆ. ಅಂಗೈಯಗಲದ ಸೀಸ. ಅದನ್ನು ಅಲ್ಲೇ ಬಿಡಿಸಿ, ಒಂದೊಂದು ಅಕ್ಷರವನ್ನೂ ಅದರದರ ಮನೆಗೆ ಹಾಕಿಬಿಟ್ಟರು. ಖಾಲಿ ಜಾಗದಲ್ಲಿ ಚಂದಾದಾರರಿಗೆ ಒಂದು ಸೂಚನೆ ಬಂತು.

ಮೂರ್ನಾಲ್ಕು ದಿನ ಕಳೆದ ಮೇಲೆ ಆ ಹುಡುಗಿಯ ತಂದೆ ಪ್ರೆಸ್ಸು ಹುಡುಕಿಕೊಂಡು ಬಂದರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆವು. ಸುದ್ದಿ ಬಂದ ಪತ್ರಿಕೆ ಬೇಕು ಎಂದರು. ಕೊಟ್ಟೆವು. ಬಾಗಿಲಲ್ಲೇ ನಿಂತು, ಅಕ್ಷರ ಕೂಡಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದರು. ಓದಿ ಮಡಿಸಿ ಟವೆಲಿನೊಳಗೆ ಇಟ್ಟುಕೊಂಡು, "ಸರ್ಯಾಗ್ ಬರ್ದಿದೀರ" ಎಂದು ಹೇಳಿ ಹೋದರು. ನನ್ನ ಜೋಡಿಯವರು ಆ ದಿನ ಮಧ್ಯಾಹ್ನ ಊಟದ ಡಬ್ಬಿ ತೆಗೆಯಲಿಲ್ಲ.

ಇದನ್ನು ಬರೆದಾಗ ಆ ಪ್ರೆಸ್ಸು ಒಂದು ದೇವಸ್ಥಾನವೇನೋ ಎಂದು ಕಾಣಬಹುದು. ಹಾಗಿರಲಿಲ್ಲ. ಅದೇ ವರ್ಷ ಒಂದು ಅಕ್ಕಿ ಗಿರಣಿಯ ಗೋಡೆ ಕುಸಿದು ಕೂಲಿಯವನೊಬ್ಬ ಸತ್ತ. ಹಳೆಯ ಗೋಡೆ, ಬೀಳುತ್ತದೆ ಎಂದು ಕೂಲಿಯವರು ಮೊದಲೇ ಹೇಳಿದ್ದರು ಎಂದು ವರದಿಯಲ್ಲಿತ್ತು. ಗಿರಣಿಯ ಮಾಲೀಕರು ದೀಪಾವಳಿಗೆ ದೊಡ್ಡ ಜಾಹೀರಾತು ಕೊಡುವವರು. ಸಂಪಾದಕರು ತಾವೇ ಹಾಲಿಗೆ ಬಂದು ಆ ಸಾಲನ್ನು ತೆಗೆಸಿದರು. ಅದೇ ಫೋರ್‌ಮನ್ನರು, ಅದೇ ಕೈ. ನಾನು ಜೋಡಿಯವರ ಮುಖ ನೋಡಿದೆ. ಅವರು ಮುಂದಿನ ಪ್ರೂಫು ಎಳೆದುಕೊಂಡು, "ಓದಮ್ಮ" ಎಂದರು. ನಾನು ಓದಿದೆ. ಮೆಷಿನ್ ಓಡುವವರೆಗೂ ಇಬ್ಬರೂ ಕಾಮಾ, ಫುಲ್‌ಸ್ಟಾಪು ಬಿಟ್ಟು ಬೇರೆ ಮಾತಾಡಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಕಂಪ್ಯೂಟರು ಬಂತು. ಮೊದಲು ಒಂದು, ಗಾಜಿನ ಕೋಣೆಯೊಳಗೆ, ಚಪ್ಪಲಿ ಬಿಟ್ಟು ಹೋಗಬೇಕು. ಆಮೇಲೆ ಇನ್ನೆರಡು. ಕಂಪೋಸಿಂಗ್‌ನವರಲ್ಲಿ ಇಬ್ಬರು ಹುಡುಗಿಯರು ಕೀಬೋರ್ಡ್ ಕಲಿತರು. ಮಿಕ್ಕವರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿ ಕಳಿಸಿದರು. ಯಾರೂ ಗಲಾಟೆ ಮಾಡಲಿಲ್ಲ. ಒಬ್ಬ ಮಂಡಿಪೇಟೆಯಲ್ಲಿ ಮೂಟೆ ಲೆಕ್ಕ ಬರೆಯಲು ಹೋದ, ಇನ್ನೊಬ್ಬ ಲಗ್ನಪತ್ರಿಕೆ ಅಂಗಡಿ ಸೇರಿದ. ಮೊಳೆಗಳನ್ನು ಗೋಣಿಚೀಲಕ್ಕೆ ತುಂಬಿ ಗುಜರಿಯವನಿಗೆ ತೂಕಕ್ಕೆ ಹಾಕಿದರು. ಕೇಸಿನಿಂದ ಚೀಲಕ್ಕೆ ಸುರಿಯುವಾಗ ಕಲ್ಲುಮಳೆ ಬಿದ್ದಂಥ ಸದ್ದು. ಫೋರ್‌ಮನ್ನರು ಬೇಡವೆಂದರೂ ಕೇಳದೆ ಚೀಲ ಹಿಡಿದುಕೊಂಡು ನಿಂತಿದ್ದರು. "ಬೇರೆಯೋರು ಹಿಡುದ್ರೆ ಚೆಲ್ತಾರೆ ಕಣಮ್ಮ" ಎಂದರು. ಅದಾದ ಮೇಲೆ ಅವರು ಓಣಿಯ ತುದಿಯಲ್ಲಿ ಬೀಡಾ ಅಂಗಡಿ ಇಟ್ಟುಕೊಂಡರು. ಪ್ರೆಸ್ಸಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ.

ಜೋಡಿ ಓದುವುದೂ ನಿಂತಿತು. ಸಂಪಾದಕರು ಒಂದು ದಿನ ಬಂದು, "ಈಗ ಸ್ಕ್ರೀನ್ ಮೇಲೇ ನೋಡಿ ಸರಿ ಮಾಡ್ಬೋದಲ್ಲಮ್ಮ, ಇಬ್ರು ಯಾಕೆ?" ಎಂದರು. ಜೋಡಿಯವರಿಗೆ ಆಗಲೇ ಕಣ್ಣಿನ ತೊಂದರೆ ಶುರುವಾಗಿತ್ತು. ಪರದೆಯ ಬೆಳಕಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕೆಲವು ದಿನ ಒರೆಸಿಕೊಂಡು ಒರೆಸಿಕೊಂಡು ಕೂತರು. ಒಂದು ಶನಿವಾರ ತಮ್ಮ ಕೆಂಪು ಪೆನ್ನು, ಕನ್ನಡಕದ ಡಬ್ಬಿ, ನೀರಿನ ಚೊಂಬು ಚೀಲಕ್ಕೆ ಹಾಕಿಕೊಂಡರು.

"ಮಗಳ ಮನೆಗೆ ಹೋಗ್ತೀನಿ ಕಣಮ್ಮ. ಅವ್ಳೂ ಕರೀತಾನೇ ಅವ್ಳೆ."

"ನಾನೊಬ್ಳೇ ಹೆಂಗೆ ಸಾರ್ ನೋಡ್ಲಿ?"

"ಒಬ್ರೇ ಇದ್ರೂ ಬಾಯ್ಬಿಟ್ಟು ಓದ್ಕೊ" ಎಂದರು. "ಕಿವೀಗೆ ಬೀಳ್ಲಿ."

ನಾನು ಸ್ವಲ್ಪ ದಿನ ಹಾಗೆ ಮಾಡಿದೆ. ಕಂಪ್ಯೂಟರ್ ಹುಡುಗಿಯರು ಮುಸಿಮುಸಿ ನಕ್ಕರು. ನಿಲ್ಲಿಸಿದೆ.

ಎರಡು ಸಾವಿರದ ನಂತರ ಸಂಪಾದಕರಿಗೆ ಪತ್ರಿಕೆ ನಡೆಸುವುದು ಭಾರವಾಯಿತು. ಬೆಂಗಳೂರಿನ ಒಂದು ಸಂಸ್ಥೆ ಅದನ್ನು ಕೊಂಡುಕೊಂಡಿತು. ಪುಟಗಳನ್ನು ಇನ್ನು ಮುಂದೆ ಬೆಂಗಳೂರಿನಲ್ಲೇ ಕಟ್ಟುತ್ತಾರೆ, ಬೇರೆ ಎಲ್ಲೋ ಅಚ್ಚು ಹಾಕುತ್ತಾರೆ, ಪತ್ರಿಕೆ ಸಂಜೆಯ ಬದಲು ಬೆಳಿಗ್ಗೆ ಬರುತ್ತದೆ ಎಂದರು. ಪ್ರೆಸ್ಸಿದ್ದ ಕಡೆ ಟೈಲ್ಸ್ ಅಂಗಡಿ ಬಂತು. ನನ್ನನ್ನೂ ಬಿಡಿಸುತ್ತಾರೆ ಎಂದುಕೊಂಡಿದ್ದೆ. ಆದರೆ ಹೊಸಬರು ಕರೆದು, "ಮೇಡಂ, ಗುಬ್ಬಿ, ಕುಣಿಗಲ್ ಎರಡೂ ನೀವೇ ನೋಡ್ಕೊಳಿ. ಫೋಟೋನೂ ನೀವೇ, ಸುದ್ದೀನೂ ನೀವೇ, ಟೈಪಿಂಗೂ ನೀವೇ" ಎಂದರು. ಒಂದು ಚಿಕ್ಕ ಡಿಜಿಟಲ್ ಕ್ಯಾಮೆರಾ ಕೊಟ್ಟರು. ಹಳೆಯ ವರದಿಗಾರರಿಬ್ಬರಿಗೂ ಟೈಪಿಂಗ್ ಬರುತ್ತಿರಲಿಲ್ಲ, ಅದಕ್ಕೆ ನಾನು.

ಮೊದಮೊದಲು ಖುಷಿಯೇ ಆಯಿತು. ಇಷ್ಟು ವರ್ಷ ಬೇರೆಯವರು ಬರೆದದ್ದನ್ನು ಓದಿದವಳು ಈಗ ಬರೆಯುತ್ತೇನೆ ಎಂಬ ಹೆಮ್ಮೆ ಇತ್ತು. ಬೆಳಿಗ್ಗೆ ತಾಲ್ಲೂಕು ಆಫೀಸು, ಸಂತೆ, ಆಸ್ಪತ್ರೆ ಸುತ್ತುತ್ತಿದ್ದೆ. ಮಧ್ಯಾಹ್ನ ಗುಬ್ಬಿಯ ಬ್ರೌಸಿಂಗ್ ಸೆಂಟರಿನಲ್ಲಿ, ಗೇಮ್ಸ್ ಆಡುವ ಕಾಲೇಜು ಹುಡುಗರ ಮಧ್ಯೆ ಕೂತು ಟೈಪ್ ಮಾಡಿ, ಫೋಟೋ ಸೇರಿಸಿ ಕಳಿಸುತ್ತಿದ್ದೆ. ಗುಂಡಿ ಒತ್ತಿದರೆ ಹೋಯಿತು. ಅತ್ತ ಕಡೆ ಯಾರು ನೋಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಪುಟ ಕಟ್ಟುವ ಬೆಂಗಳೂರಿನ ಡೆಸ್ಕಿನಿಂದ ಒಬ್ಬರು ಆಗಾಗ ಫೋನ್ ಮಾಡುತ್ತಿದ್ದರು. ಮುಖ ಕಂಡವಳಲ್ಲ. "ಮೇಡಂ, ಚೇಳೂರು ಗುಬ್ಬಿಗೆ ಬರತ್ತಾ ಕುಣಿಗಲ್ಗೆ ಬರತ್ತಾ?" ಎಂದು ಕೇಳುತ್ತಿದ್ದರು. ನಾನು ಬರೆದದ್ದು ಒಂದಕ್ಷರ ಆಚೀಚೆಯಾಗದೆ, ನನ್ನ ತಪ್ಪುಗಳ ಸಮೇತ, ಮರುದಿನ ಬರುತ್ತಿತ್ತು. ನಡುವೆ ಯಾರ ಬೆರಳೂ ಇರಲಿಲ್ಲ.

ಒಂದು ಸಲ ಸತ್ಯವಾಗಿಯೂ ಅನುಕೂಲವಾಯಿತು. ಒಂದು ಹಾಸ್ಟೆಲಿನಲ್ಲಿ ಮಕ್ಕಳಿಗೆ ಹುಳ ಬಿದ್ದ ಹಿಟ್ಟಿನ ಮುದ್ದೆ ಹಾಕುತ್ತಿದ್ದರು. ಫೋಟೋ ತೆಗೆದು ಕಳಿಸಿದೆ, ಮಾರನೆಯ ದಿನವೇ ಬಂತು. ಹಳೆಯ ಕಾಲದಲ್ಲಾಗಿದ್ದರೆ ಸಂಪಾದಕರಿಗೆ ಯಾರೋ ಬೇಕಾದವರು ಫೋನ್ ಮಾಡುತ್ತಿದ್ದರು, ಸಾಲು ಎದ್ದುಹೋಗುತ್ತಿತ್ತು. ಇದನ್ನು ನನ್ನ ಗಂಡನಿಗೆ ಹೇಳಿದೆ. "ಒಳ್ಳೇದಾಯ್ತಲ್ಲ. ಮತ್ಯಾಕೆ ಸಪ್ಪಗಿದೀಯಾ?" ಎಂದರು. ನನಗೂ ತಿಳಿಯಲಿಲ್ಲ. ಮನೆಯಲ್ಲಿ ಮಾತಾಡುವುದು ಕಡಿಮೆಯಾಗಿತ್ತು, ಅಷ್ಟು ನಿಜ. ದಿನವೆಲ್ಲ ಒಬ್ಬಳೇ ತಿರುಗಿ, ಒಬ್ಬಳೇ ಬರೆದು, ಒಬ್ಬಳೇ ಕಳಿಸಿ ಬರುತ್ತಿದ್ದೆ.

ಆಮೇಲೆ ಕೊತ್ತಗೆರೆಯ ಕಡೆ ಆ ಘಟನೆ ನಡೆಯಿತು.

ಬೆಳಿಗ್ಗೆ ಫೋನ್ ಬಂತು, ಕೆರೆಯಲ್ಲಿ ಹುಡುಗಿಯೊಬ್ಬಳ ಶವ ತೇಲಿದೆ ಎಂದು. ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಕುಣಿಗಲ್, ಅಲ್ಲಿಂದ ಆಟೋ. ನಾನು ತಲುಪುವ ಹೊತ್ತಿಗೆ ದೇಹವನ್ನು ಮೇಲೆ ತಂದು ಸೀರೆ ಹೊದಿಸಿದ್ದರು. ಏರಿಯ ಮೇಲೆ ಜನ ತುಂಬಿದ್ದರು. ಪಿ.ಯು.ಸಿ. ಓದುತ್ತಿದ್ದ ಹುಡುಗಿ. ನಾನು ಕ್ಯಾಮೆರಾ ಹೊರಗೆ ತೆಗೆಯುವ ಮೊದಲೇ ಜನರ ಮಾತು ಕಿವಿಗೆ ಬಿತ್ತು. ಯಾರೋ ಹುಡುಗನ ಜೊತೆ ಓಡಾಡುತ್ತಿದ್ದಳಂತೆ, ಮನೆಯಲ್ಲಿ ಗೊತ್ತಾಯಿತಂತೆ. ಎಲ್ಲಕ್ಕೂ ಒಂದೊಂದು 'ಅಂತೆ' ಇತ್ತು.

ತಾಯಿ ಸ್ವಲ್ಪ ದೂರದಲ್ಲಿ ಮರದ ಬುಡದಲ್ಲಿ ಕೂತಿದ್ದರು. ಅಳುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಕ್ಯಾಮೆರಾ ಕಂಡು ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು.

"ಪೇಪರ್ನೋಳೇನವ್ವಾ ನೀನು?"

"ಹೂಂ ಕಣಮ್ಮ."

"ಬರೀಬ್ಯಾಡ ಕಣವ್ವ. ಬಟ್ಟೆ ಒಗ್ಯಾಕ್ ಬಂದೋಳು ಜಾರ್ಬುಟ್ಲು. ಅಷ್ಟೇಯ. ಇನ್ನೊಬ್ಳು ಮಗ್ಳವ್ಳೆ ನಂಗೆ. ಅವ್ಳ್ ಬಾಳಬ್ಯಾಡ್ವಾ?"

ಹಿಂದಿನ ಕಾಲದ ವರದಿಗಾರನಾಗಿದ್ದರೆ 'ನಮ್ಮ ಸಂಪಾದಕರು ಇದ್ದಾರೆ, ಅವರನ್ನು ಕೇಳಬೇಕು' ಎನ್ನಬಹುದಿತ್ತು. ನನಗೆ ಹಾಗೆ ಕೈ ತೋರಿಸಲು ಯಾರೂ ಇರಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ಕ್ಯಾಮೆರಾ ಚೀಲಕ್ಕೆ ಹಾಕಿದೆ. "ಇಲ್ಲ ಕಣಮ್ಮ, ಬರೆಯಲ್ಲ" ಎಂದೆ. ಅವರು ಕೈ ಬಿಟ್ಟರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ಹೋಗಿ ಮತ್ತೆ ಅದೇ ಮರದ ಬುಡದಲ್ಲಿ ಕೂತರು.

ವಾಪಸು ಹೊರಟಾಗ ಏರಿಯ ಕೆಳಗೆ ಒಂದು ಬೈಕು ನಿಂತಿತ್ತು. ಅದರ ಪಕ್ಕದಲ್ಲಿ ಕುಣಿಗಲ್ಲಿನ ಕೇಬಲ್ ಟಿ.ವಿ. ನಡೆಸುವ ಯುವಕ ಹ್ಯಾಂಡಿಕ್ಯಾಮ್ ಚೀಲಕ್ಕೆ ತುಂಬುತ್ತಿದ್ದ. ನನಗೆ ಪರಿಚಯದವನೇ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು, ತಾನೇ ಶೂಟ್ ಮಾಡಿ, ತಾನೇ ಕತ್ತರಿಸಿ, ತಾನೇ ಧ್ವನಿ ಕೊಟ್ಟು ದಿನಾ ಸಂಜೆ ಲೋಕಲ್ ಸುದ್ದಿ ಹಾಕುತ್ತಿದ್ದ.

"ಹಾಕ್ತೀರಾ ಇದನ್ನ?" ಎಂದು ಕೇಳಿದೆ.

"ಹಾಕ್ದೇ ಇರಕ್ಕಾಗುತ್ತಾ ಮೇಡಂ?"

"ಅವರಮ್ಮ ಬೇಡ ಅಂತಾ ಇದ್ದಾರೆ. ಇನ್ನೊಬ್ಳು ಮಗಳಿದ್ದಾಳೆ."

ಅವನು ತಲೆ ಕೆರೆದುಕೊಂಡ. ಕೆಟ್ಟವನಲ್ಲ. ಅವನ ಮುಖದಲ್ಲೂ ಸಂಕಟವಿತ್ತು. ಏರಿಯ ಮೇಲಿದ್ದ ಜನರ ಕಡೆ ಕೈ ತೋರಿಸಿದ. ಐದಾರು ಜನ ಮೊಬೈಲ್ ಎತ್ತಿ ಹಿಡಿದಿದ್ದರು. "ನೋಡಿ ಮೇಡಂ, ನಾನು ಬುಟ್ರೂ ಅವ್ರು ಬುಡಲ್ಲ. ಆಗ್ಲೇ ಒಬ್ರಿಂದ ಒಬ್ರಿಗೆ ಕಳಿಸ್ತಾವ್ರೆ. ಬೆಳಿಗ್ಗೆಯಿಂದ ನಂಗೆ ಎಷ್ಟು ಫೋನ್ ಗೊತ್ತಾ, ಯಾವಾಗ ಹಾಕ್ತೀರ ಯಾವಾಗ ಹಾಕ್ತೀರ ಅಂತ."

"ಜಾರಿ ಬಿದ್ದಳು ಅಂತಾದ್ರೂ ಹೇಳಿ."

"ನೋಡ್ತೀನಿ ಮೇಡಂ" ಎಂದು ಬೈಕ್ ಹತ್ತಿದ.

ನನಗೆ ನೇರ ಗುಬ್ಬಿಗೆ ಹೋಗಲು ಮನಸ್ಸಾಗಲಿಲ್ಲ. ಕುಣಿಗಲ್ಲಿನಲ್ಲಿ ಇಳಿದು ನನ್ನ ಹಳೆಯ ಜೋಡಿಯವರ ಮಗಳ ಮನೆಗೆ ಹೋದೆ. ಹಿಂದೆ ಎರಡು ಮೂರು ಸಲ ಹೋಗಿದ್ದೆ. ಅವರಿಗೆ ಈಗ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಆಪರೇಷನ್ ಆಗಿದ್ದರೂ ಬೆಳಕು ಮತ್ತು ನೆರಳು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಹಜಾರದ ದಿವಾನದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ವಿಭೂತಿ ಸ್ವಲ್ಪ ಓರೆಯಾಗಿತ್ತು. ನನ್ನ ಧ್ವನಿ ಕೇಳಿದ ಕೂಡಲೇ, "ಬಾರಮ್ಮ, ಗಂಟಲು ಕಟ್ಟೈತಲ್ಲ ಯಾಕೆ?" ಎಂದರು.

ಎಲ್ಲವನ್ನೂ ಹೇಳಿದೆ. ಬರೆಯುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದೇನೆ ಎಂದೆ. ಅವರು ಗೋಡೆ ಬಿಟ್ಟು ಮುಂದಕ್ಕೆ ಬಾಗಿದರು. "ಯಾರನ್ನ ಕೇಳ್ದೆ?" ಎಂದರು.

"ಯಾರನ್ನ ಕೇಳ್ಲಿ ಸಾರ್? ಯಾರೂ ಇಲ್ವಲ್ಲ."

"ಅದೂ ಸರಿ" ಎಂದರು. "ನಾವಾಗ ಮೂರ್ ಜನ ಹೋಗಿ ನಿಂತ್ಕೊಂಡ್ವಿ."

ಅವರ ಮಗಳು ಕಾಫಿ ತಂದಿಟ್ಟು, ಸುದ್ದಿಯ ಹೊತ್ತಾಯಿತೆಂದು ಟಿ.ವಿ. ಹಾಕಿದರು. ಅವರಿಗೆ ನಾವು ಏನು ಮಾತಾಡುತ್ತಿದ್ದೇವೆ ಎಂದು ಗೊತ್ತಿರಲಿಲ್ಲ. ಮೊದಲ ಸುದ್ದಿಯೇ ಅದು. ಕೆರೆ, ಏರಿ, ಸೀರೆ ಹೊದಿಸಿದ ದೇಹ. ಎಲ್ಲಿಂದಲೋ ತಂದ ಆ ಹುಡುಗಿಯ ಪಾಸ್‌ಪೋರ್ಟ್ ಸೈಜಿನ ಫೋಟೋ, ಎರಡು ಜಡೆ. ಆಮೇಲೆ ಮರದ ಬುಡದಲ್ಲಿ ಕೂತ ತಾಯಿ. ಧ್ವನಿ ಆ ಕೇಬಲ್ ಯುವಕನದೇ. ಜಾರಿ ಬಿದ್ದಿರಬಹುದು ಎಂದೂ ಹೇಳಿದ, ಪ್ರೇಮ ಪ್ರಕರಣ ಎಂದು ಗ್ರಾಮಸ್ಥರು ಹೇಳುತ್ತಾರೆ ಎಂದೂ ಹೇಳಿದ. ಕೆಳಗೆ ಅಕ್ಷರಗಳು ಹರಿದು ಹೋಗುತ್ತಿದ್ದವು.

ಹಿರಿಯರು ಮುಖವನ್ನು ಟಿ.ವಿ.ಯ ಕಡೆ ತಿರುಗಿಸಿ ಕೇಳುತ್ತಿದ್ದರು. "ಇದೇನಾ?" ಎಂದು ಕೇಳಿದರು.

"ಹೂಂ ಸಾರ್."

"ಯಾರು ಓದ್ತಾ ಇರೋದು?"

"ಅಲ್ಲಿ ಶೂಟಿಂಗ್ ಮಾಡ್ದೋರೇ ಓದ್ತಾ ಇದ್ದಾರೆ ಸಾರ್."

"ಜೊತೇಲಿ?"

"ಯಾರೂ ಇಲ್ಲ. ಒಬ್ರೇ."

"ಆಫ್ ಮಾಡವ್ವ" ಎಂದು ಮಗಳಿಗೆ ಹೇಳಿದರು. ಅವರು ಗಾಬರಿಯಾಗಿ ಆಫ್ ಮಾಡಿದರು. ಪಕ್ಕದ ಮನೆಯಿಂದ ಅದೇ ಧ್ವನಿ ಇನ್ನೂ ಕೇಳುತ್ತಿತ್ತು. ನಾನು ಕಾಫಿ ಅಲ್ಲೇ ಬಿಟ್ಟು ಬಸ್ಸಿಗೆ ಹೊರಟೆ. ಹಿರಿಯರು ಬಾಗಿಲವರೆಗೂ ಗೋಡೆ ತಡವಿಕೊಂಡು ಬಂದು ನಿಂತರು.

ಮರುದಿನ ಬೆಳಿಗ್ಗೆ ಬೆಂಗಳೂರಿನ ಡೆಸ್ಕಿನಿಂದ ಫೋನ್. "ಮೇಡಂ, ಎಲ್ರೂ ಮಾಡಿದ್ದಾರೆ, ನಮ್ಮಲ್ಲಿ ಒಂದು ಲೈನೂ ಇಲ್ಲ. ಎಲ್ಲಿದ್ರಿ?"

"ಅಲ್ಲೇ ಇದ್ದೆ."

"ಮತ್ತೆ?"

"ಬರೀಬಾರ್ದು ಅನ್ನಿಸ್ತು."

"ಅದನ್ನ ನೀವು ಡಿಸೈಡ್ ಮಾಡಕ್ಕಾಗಲ್ಲ ಮೇಡಂ" ಎಂದರು. ಹಾಗಾದರೆ ಯಾರು ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಕೊಡಬಾರದೆಂದು ಅಲ್ಲ, ಅವರಿಗೂ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಅವರ ಮೇಜಿನ ಮೇಲೂ ಆ ಹೊತ್ತಿಗೆ ಇನ್ನೊಂದು ಪುಟ ಕಾಯುತ್ತಿದ್ದಿರಬೇಕು.

ನನ್ನನ್ನು ತೆಗೆದುಹಾಕಲಿಲ್ಲ. ಸುಮ್ಮನೆ ಫೋನ್ ಬರುವುದು ಕಡಿಮೆಯಾಯಿತು. ಕುಣಿಗಲ್ಲಿಗೆ ಬೇರೆಯವರನ್ನು ಮಾಡಿಕೊಂಡರು, ಆಮೇಲೆ ಗುಬ್ಬಿಗೂ. ಒಂದು ದಿನ ನಾನು ಕಳಿಸಿದ ಸುದ್ದಿಯ ಜಾಗದಲ್ಲಿ ಬೇರೆ ಯಾರದೋ ಫೋಟೋ ಬಂತು. ಅಲ್ಲಿಗೆ ಕಳಿಸುವುದು ನಿಲ್ಲಿಸಿದೆ. ಕ್ಯಾಮೆರಾವನ್ನು ಕೊರಿಯರಿನಲ್ಲಿ ವಾಪಸು ಕಳಿಸಿದೆ. ಬಂದು ತಲುಪಿತು ಎಂದು ಹೇಳಲೂ ಯಾರೂ ಫೋನ್ ಮಾಡಲಿಲ್ಲ. ಗುಬ್ಬಿಯ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಹೇಳಿಕೊಡುವ ಕೆಲಸ ಸಿಕ್ಕಿತು.

ಜೋಡಿಯವರು ಅದರ ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಮಗಳು ನನ್ನ ನಂಬರು ಹುಡುಕಿ ಫೋನ್ ಮಾಡುವ ಹೊತ್ತಿಗೆ ಮಣ್ಣೂ ಆಗಿತ್ತು. ಕೊನೆಕೊನೆಗೆ ಟಿ.ವಿ. ಬೇಡ ಎನ್ನುತ್ತಿದ್ದರಂತೆ. ಮೊಮ್ಮಗನನ್ನು ಕೂರಿಸಿಕೊಂಡು ಅವನ ಪಾಠದ ಪುಸ್ತಕವನ್ನೇ ಗಟ್ಟಿಯಾಗಿ ಓದಿಸಿಕೊಂಡು ಕೇಳುತ್ತಿದ್ದರಂತೆ. ಅವನಿಗೆ ಬೇಜಾರಾಗಿ ಎದ್ದು ಓಡಿದರೂ ಸ್ವಲ್ಪ ಹೊತ್ತು ಹಾಗೇ ಕಾಯುತ್ತಾ ಕೂತಿರುತ್ತಿದ್ದರಂತೆ.

ಅವರ ಮಗಳನ್ನು ಮಾತಾಡಿಸಲು ಕುಣಿಗಲ್ಲಿಗೆ ಹೋಗಿದ್ದಾಗಲೇ ಆ ತಾಯಿ ಮತ್ತೆ ಸಿಕ್ಕಿದ್ದು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು, ಪಕ್ಕದಲ್ಲಿ ಒಂದು ಚೀಲ ತರಕಾರಿ. ನನಗೆ ಗುರುತು ಸಿಕ್ಕಿತು. ತಪ್ಪಿಸಿಕೊಂಡು ಹೋಗೋಣ ಎನ್ನಿಸಿತು. ಅಷ್ಟರಲ್ಲಿ ಅವರೇ ನೋಡಿದರು.

"ಪೇಪರ್ನೋಳಲ್ವೇನವ್ವಾ?"

"ಈಗ ಬಿಟ್ಟಿದ್ದೀನಿ ಕಣಮ್ಮ."

ಸರಿದು ಜಾಗ ಕೊಟ್ಟರು. ಕೂತೆ. ಊರು ಬಿಟ್ಟು ಕುಣಿಗಲ್ಲಿಗೇ ಬಂದಿದ್ದೇವೆ, ಗಂಡ ಮರದ ಡಿಪೋದಲ್ಲಿ ಕೆಲಸಕ್ಕೆ ಹೋಗುತ್ತಾರೆ ಎಂದರು. ಕಿರಿಯ ಮಗಳು ಕಾಲೇಜು ಬಿಟ್ಟಳಂತೆ. ಕ್ಲಾಸಿನಲ್ಲಿ ಯಾರೋ ಹುಡುಗ ಮೊಬೈಲಿನಲ್ಲಿ ಅಕ್ಕನ ವೀಡಿಯೋ ಇನ್ನೂ ಇಟ್ಟುಕೊಂಡಿದ್ದನಂತೆ. ಇದನ್ನು ಹೇಳುವಾಗಲೂ ಅವರ ಧ್ವನಿ ಏರಲಿಲ್ಲ.

"ನೀನ್ ಬರೀಲಿಲ್ಲ ಅಂದ್ರು" ಎಂದರು.

"ಬರೀಲಿಲ್ಲ ಕಣಮ್ಮ."

"ಆದ್ರೂ ಎಲ್ರೂ ನೋಡುದ್ರು."

ಅವರು ನನ್ನನ್ನು ದೂರುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ನಡೆದದ್ದನ್ನು ಹೇಳಿದರು, ಅಷ್ಟೆ. ಸ್ವಲ್ಪ ಹೊತ್ತಿನ ಮೇಲೆ ತುಮಕೂರಿನ ಬಸ್ಸು ಬಂತು. ಜನ ನುಗ್ಗಿದರು. "ಹೋಗವ್ವ, ಸೀಟ್ ಸಿಕ್ಕಕಿಲ್ಲ" ಎಂದು ಅವರೇ ನನ್ನ ಬೆನ್ನಿಗೆ ಕೈ ಇಟ್ಟು ಎಬ್ಬಿಸಿದರು. ಹತ್ತಿದೆ. ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತು ಬಗ್ಗಿ ನೋಡಿದೆ. ಅವರು ತರಕಾರಿ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಬೇರೆ ಬಸ್ಸುಗಳ ಕಡೆ ನೋಡುತ್ತಿದ್ದರು.